ಮೊಸರನ್ನದಲ್ಲಿ ಸಿಕ್ಕ ಬ್ರಾಕೆಟ್ಟು

ಮನುಷ್ಯ ಕಂಡುಹಿಡಿದ ಆಹಾರಗಳಲ್ಲೆಲ್ಲ ಅತ್ಯಂತ ನಿರುಪದ್ರವಿಯಾದದ್ದು ಮೊಸರನ್ನ ಎಂಬ ವಿಷಯದಲ್ಲಿ ನಿಮಗೂ ನನಗೂ ಭಿನ್ನಾಭಿಪ್ರಾಯ ಇರಲಾರದು. ಹಲ್ಲು ಮೂಡದ ಕೂಸಿನಿಂದ ಹಿಡಿದು ಹಲ್ಲು ಉದುರಿದ ಅಜ್ಜನವರೆಗೆ ಎಲ್ಲರನ್ನೂ ಅದು ಸಮಾನವಾಗಿ ಕಾಣುತ್ತದೆ. ಜ್ವರದಿಂದ ಎದ್ದವರಿಗೆ, ಜಗಳವಾಡಿ ಊಟ ಬಿಟ್ಟವರಿಗೆ, ಮದುವೆಯೂಟದಲ್ಲಿ ಮಿತಿಮೀರಿದವರಿಗೆ ಕೊನೆಯ ಆಸರೆ ಅದೇ. ಅಗಿಯುವ ತೊಂದರೆಯನ್ನೂ ಅದು ಕೊಡುವುದಿಲ್ಲ. ಬಾಯಿಯ ಹೊಸ್ತಿಲ ಮೇಲೆ ಇಟ್ಟರೆ ಸಾಕು, ಉಳಿದ ದಾರಿಯನ್ನು ತಾನೇ ಹುಡುಕಿಕೊಂಡು ಹೋಗುತ್ತದೆ. ಇಂಥ ಮೊಸರನ್ನವನ್ನು ತಿನ್ನುತ್ತಿದ್ದ ನನ್ನ ಮಗಳು ಯಶು, ಒಂದು ಶನಿವಾರ ಮಧ್ಯಾಹ್ನ, ತುತ್ತಿನ ನಡುವೆ ತಟ್ಟನೆ ನಿಲ್ಲಿಸಿದಳು. ನಾಲಿಗೆಯ ತುದಿಯಿಂದ ಅಕ್ಕಿಕಾಳಿಗಿಂತ ಚಿಕ್ಕದಾದ ಒಂದು ಉಕ್ಕಿನ ಚೂರನ್ನು ತೆಗೆದು, ತಟ್ಟೆಯ ಅಂಚಿನ ಮೇಲಿಟ್ಟು, ನನ್ನ ಮುಖ ನೋಡದೆ ಎದ್ದುಹೋದಳು.

ನಾನು ಚಿಕ್ಕವನಿದ್ದಾಗ ಅನ್ನದಲ್ಲಿ ಕಲ್ಲು ಸಿಗುವುದು ದಿನನಿತ್ಯದ ಸಂಗತಿಯಾಗಿತ್ತು. ಅಥವಾ ಹಾಗೆಂದು ನನಗೆ ನೆನಪು. ನನ್ನ ನೆನಪಿನ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದನ್ನು ಈ ಬರಹದ ಕೊನೆಗೆ ನೀವೇ ತೀರ್ಮಾನಿಸಿ. ಕಲ್ಲು ಸಿಕ್ಕಾಗ ಬೈಗುಳ ಅಂಗಡಿಯವನಿಗೆ ಹೋಗುತ್ತಿತ್ತು, ಅಕ್ಕಿ ಆರಿಸಿದವರಿಗೆ ಹೋಗುತ್ತಿತ್ತು, ಸ್ವಲ್ಪ ದೂರ ಸಾಗಿ ಸರ್ಕಾರಕ್ಕೂ ತಲುಪುತ್ತಿತ್ತು. ಆದರೆ ಕಲ್ಲು ಕಡಿದವನೇ ಅಪರಾಧಿ ಎಂದು ಯಾರೂ ತೀರ್ಪು ಕೊಟ್ಟದ್ದಿಲ್ಲ. ಈಗ ಕಾಲ ಬದಲಾಗಿದೆ. ಬಾಯಿಯಲ್ಲಿ ಉಕ್ಕು ಸಿಕ್ಕರೆ ಮೊದಲ ವಿಚಾರಣೆ ಬಾಯಿಗೇ.

ಹಿನ್ನೆಲೆಯನ್ನು ಹೇಳಿಬಿಡುತ್ತೇನೆ. ಯಶುವಿನ ಹಲ್ಲುಗಳು ಹುಟ್ಟಾ ಸ್ವತಂತ್ರ ಮನೋಭಾವದವು. ಒಂದು ಇನ್ನೊಂದರ ಸಾಲಿನಲ್ಲಿ ನಿಲ್ಲಲು ಒಪ್ಪಿದ್ದಿಲ್ಲ. ಹೈಸ್ಕೂಲಿಗೆ ಬಂದಾಗಿನಿಂದ ಅವಳು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದನ್ನು ಕಲಿತಳು. ಮೊದಮೊದಲು ಅದನ್ನು ನಾವು ಸಂಕೋಚವೆಂದುಕೊಂಡೆವು, ನನ್ನ ತಾಯಿಯಂತೂ ಒಳ್ಳೆಯ ನಡತೆಯೆಂದೇ ಮೆಚ್ಚಿಕೊಂಡರು. ಫೋಟೋಗಳಲ್ಲಿ ಅವಳು ನಗುವುದನ್ನೇ ಬಿಟ್ಟಮೇಲೆ ನಮಗೆ ಅರ್ಥವಾಯಿತು. ಕ್ಲಿಪ್ ಹಾಕಿಸಿಕೊಳ್ಳುತ್ತೇನೆ ಎಂದು ಹೇಳಿದವಳು ಅವಳೇ, ಅದೂ ಹಟಹಿಡಿದು. ಇಂದಿರಾನಗರದ ಒಂದು ಕ್ಲಿನಿಕ್ಕಿಗೆ ಹೋದೆವು. ಡಾಕ್ಟರು ತುಟಿಗಳನ್ನು ನಾಲ್ಕೂ ಕಡೆಗೆ ಎಳೆದು ಹಿಡಿಯುವ ಒಂದು ಪ್ಲಾಸ್ಟಿಕ್ ಚೌಕಟ್ಟನ್ನು ಅವಳ ಬಾಯಿಗೆ ತೊಡಿಸಿ, ಒಂದೊಂದು ಹಲ್ಲಿನ ಮೇಲೂ ಬ್ರಾಕೆಟ್ ಎಂಬ ಪುಟ್ಟ ಉಕ್ಕಿನ ಗುಬ್ಬಿಯನ್ನು ಅಂಟಿಸಿ, ಅವುಗಳ ನಡುವೆ ತಂತಿ ಹಾಯಿಸಿದರು. ಅಂದು ಸಂಜೆ ಅವಳು ಕನ್ನಡಿಯ ಮುಂದೆ ನಿಂತು, ಕೈ ಅಡ್ಡ ಹಿಡಿಯದೆ, ತನ್ನ ಉಕ್ಕಿನ ನಗುವನ್ನು ಬಹಳ ಹೊತ್ತು ನೋಡಿಕೊಂಡಳು.

ಕ್ರಿಸ್‌ಮಸ್ ಕಳೆದ ಕೆಲವೇ ದಿನಗಳಲ್ಲಿ ಕೆಳಗಿನ ಸಾಲಿನ ಎಡಗಡೆಯ ಒಂದು ಬ್ರಾಕೆಟ್ ಕಿತ್ತುಬಂತು. ನಾವಿರುವುದು ಸರ್ವಜ್ಞನಗರದಲ್ಲಿ, ಹಳೆಯ ಹೆಂಚಿನ ಮನೆಯೊಂದನ್ನು ಕೆಡವಿ ಕಟ್ಟಿದ ಫ್ಲಾಟುಗಳಲ್ಲಿ ಎರಡನೆಯ ಮಹಡಿ. ಕೆಳಗಿನ ಮನೆಯ ಲೀನಾ ಆಂಟಿ ಪ್ರತಿ ಕ್ರಿಸ್‌ಮಸ್ಸಿಗೂ ನಮಗೆ ಒಂದು ಡಬ್ಬ ಕಲ್‌ಕಲ್ ಕೊಡುತ್ತಾರೆ. ತಿಳಿಯದವರಿಗೆ ಹೇಳುವುದಾದರೆ, ಹಿಟ್ಟನ್ನು ಬಾಚಣಿಗೆಯ ಹಲ್ಲಿನ ಮೇಲೆ ಒತ್ತಿ, ಶಂಖದ ಹಾಗೆ ಸುರುಳಿ ಸುತ್ತಿ, ಎಣ್ಣೆಯಲ್ಲಿ ಕರಿದು, ಸಕ್ಕರೆಯ ಪಾಕದಲ್ಲಿ ಹೊರಳಿಸಿದ ತಿಂಡಿ ಅದು. ರುಚಿಯಲ್ಲಿ ಅಮೃತ, ಗಟ್ಟಿತನದಲ್ಲಿ ಜಲ್ಲಿಕಲ್ಲು.

"ಏನೋ ಗಟ್ಟಿ ತಿಂದಿದ್ದೀಯ ಅನ್ಸುತ್ತೆ," ಎಂದರು ಡಾಕ್ಟರು, ಬ್ರಾಕೆಟ್ಟನ್ನು ಇಕ್ಕಳದ ತುದಿಯಲ್ಲಿ ಹಿಡಿದು ಸಾಕ್ಷ್ಯದಂತೆ ಪ್ರದರ್ಶಿಸುತ್ತ. "ನಿಜ ಹೇಳಮ್ಮ, ನಾನು ಬಯ್ಯಲ್ಲ."

ಯಶು ಚಾವಣಿ ನೋಡಿದಳು. ಡಾಕ್ಟರು ನಕ್ಕು, ಹೊಸದೊಂದನ್ನು ಅಂಟಿಸಿ ಕಳಿಸಿದರು. ಕೆಲವು ವಾರಗಳಲ್ಲಿ ಅದೇ ಹಲ್ಲಿನದು ಮತ್ತೆ ಬಿತ್ತು. ಈ ಸಲ ಅವಳು ಚಾವಣಿ ನೋಡಲಿಲ್ಲ. ನೇರವಾಗಿ, "ಏನೂ ತಿಂದಿಲ್ಲ ಅಂಕಲ್, ಪ್ರಾಮಿಸ್," ಎಂದಳು. ಆಗ ಡಾಕ್ಟರು ಅವಳನ್ನು ಬಿಟ್ಟು, ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ನನ್ನ ಕಡೆಗೆ ತಿರುಗಿದರು.

"ನೀವೇ ಹೇಳಿ ಸರ್. ಮನೇಲಿ ನೋಡ್ತಾ ಇರ್ತೀರಲ್ಲ. ತಿಂದ್ಲಾ, ಇಲ್ವಾ?"

ಇಲ್ಲಿ ನನ್ನ ವಿದ್ಯಾಭ್ಯಾಸದ ಬಗ್ಗೆ ಎರಡು ಮಾತು ಹೇಳಲೇಬೇಕು, ಏಕೆಂದರೆ ಅನಾಹುತವಾದದ್ದು ಅದರಿಂದಲೇ. ವಿಶ್ವವಿದ್ಯಾಲಯದಲ್ಲಿ ನಾನು ಓದಿದ್ದು ತತ್ತ್ವಶಾಸ್ತ್ರ. ನಮಗೆ ಏನು ಗೊತ್ತು ಮತ್ತು ಅದು ಗೊತ್ತೆಂಬುದು ನಮಗೆ ಹೇಗೆ ಗೊತ್ತು ಎಂಬ, ಸಂಸಾರಸ್ಥರು ಕೇಳಬಾರದ ಪ್ರಶ್ನೆಗಳನ್ನು ಕೇಳುವ ಶಾಸ್ತ್ರ. ಹೊಟ್ಟೆಪಾಡಿಗೆ ಒಂದು ವಿಮಾ ಕಂಪನಿಯಲ್ಲಿ ಕ್ಲೇಮುಗಳನ್ನು ಪರಿಶೀಲಿಸುತ್ತೇನೆ, ಅಂದರೆ ಅಪಘಾತವಾದವರ ಮಾತನ್ನು ದಿನವಿಡೀ ಅನುಮಾನಿಸುತ್ತೇನೆ. ಹೀಗೆ ಹಗಲೆಲ್ಲ ಪರರನ್ನು ಶಂಕಿಸಿ ಅಭ್ಯಾಸವಾದವನು ಮನೆಗೆ ಬಂದಮೇಲೆ ಬೇರೆ ಯಾರೂ ಸಿಗದೆ ತನ್ನನ್ನೇ ಶಂಕಿಸತೊಡಗುತ್ತಾನೆ. ಗ್ಯಾಸ್ ಆರಿಸಿದೆನೇ? ಆರಿಸಿದ ನೆನಪು ಇವತ್ತಿನದೋ ನಿನ್ನೆಯದೋ? ಗೆಳೆಯನ ಮದುವೆಯಲ್ಲಿ ಮಳೆ ಬಂದದ್ದು ನಾನು ನೋಡಿದ್ದೇ, ಅಥವಾ ಅವನು ಹೇಳಿದ್ದನ್ನು ನಾನು ನೋಡಿದ್ದೆಂದು ಸೇರಿಸಿಕೊಂಡೆನೇ? ಇಂಥವನನ್ನು ಡಾಕ್ಟರು ಸಾಕ್ಷಿಯ ಕಟಕಟೆಗೆ ಹತ್ತಿಸಿದ್ದರು.

ನನ್ನ ತಲೆಯಲ್ಲಿ ಒಂದು ಸದ್ದಿತ್ತು. ಊಟದ ಮನೆಯಿಂದ ಬಂದ ಕರ್ ಎಂಬ ಸದ್ದು. ಕಲ್‌ಕಲ್ ಡಬ್ಬದ ಮುಚ್ಚಳ ಬಿಚ್ಚಿದ ಸದ್ದು ಅದಕ್ಕೆ ಸ್ವಲ್ಪ ಮುಂಚೆ. ಆದರೆ ಸದ್ದಿಗೆ ಮುಖವಿಲ್ಲ, ತಾರೀಖೂ ಇಲ್ಲ. ಅದು ಯಶುವೋ, ನನ್ನ ಹೆಂಡತಿಯೋ, ಅಥವಾ ನಾನೇ ಕಡಿದದ್ದನ್ನು ನಾನೇ ಕೇಳಿಸಿಕೊಂಡೆನೋ, ಮೊದಲ ಬ್ರಾಕೆಟ್ ಬೀಳುವ ಮುಂಚೆಯೋ ಆಮೇಲೋ, ನಿರ್ಧರಿಸಲಾಗಲಿಲ್ಲ. ಪ್ರಾಮಾಣಿಕತೆ ಎಂಬ ಭ್ರಮೆಯಲ್ಲಿ ನಾನು ಹೇಳಿದೆ: "ಏನೋ ಕರ್ ಅಂದ ಹಾಗೆ ನೆನಪು ಡಾಕ್ಟ್ರೇ. ಆದ್ರೆ ಯಾವತ್ತು, ಯಾರು ಅಂತ ಖಚಿತವಾಗಿ ಹೇಳೋಕೆ ಬರಲ್ಲ."

ತತ್ತ್ವಶಾಸ್ತ್ರದ ದೃಷ್ಟಿಯಿಂದ ಇದಕ್ಕಿಂತ ನಿರ್ದುಷ್ಟವಾದ ವಾಕ್ಯ ಸಾಧ್ಯವಿಲ್ಲ. ಡಾಕ್ಟರು ಅದರ ಮೊದಲರ್ಧವನ್ನು ಮಾತ್ರ ಕೇಳಿಸಿಕೊಂಡರು. "ನೋಡಮ್ಮ, ನಿಮ್ಮಪ್ಪಾನೇ ಹೇಳ್ತಿದ್ದಾರೆ," ಎಂದು, ಹೊಸ ಬ್ರಾಕೆಟ್ಟನ್ನು ಅಂಟಿಸಿ, ಕೈಗವಸು ಕಳಚುತ್ತ ಕಟ್ಟಪ್ಪಣೆ ಮಾಡಿದರು: "ಇನ್ನೊಂದ್ ಸಲ ಬಿದ್ರೆ ಎಲ್ಲಾ ತೆಗ್ದುಬಿಡ್ತೀನಿ. ಪೇಷೆಂಟ್ ಕೋಆಪರೇಟ್ ಮಾಡ್ದೆ ಇದ್ರೆ ಟ್ರೀಟ್‌ಮೆಂಟ್ ಮುಂದುವರ್ಸಿ ಏನು ಪ್ರಯೋಜನ, ಹೇಳಿ ಸರ್."

ಹಲಸೂರು ಕೆರೆಯ ಪಕ್ಕದಲ್ಲಿ ಆಟೋ ಸಿಗ್ನಲ್ಲಿಗೆ ನಿಂತಾಗ ನಾನು ಮಾತಾಡಿಸಲು ನೋಡಿದೆ. ಯಶು ಕೆರೆಯ ಕಡೆಗೆ ಮುಖ ಮಾಡಿಕೊಂಡು, "ನೀನು ನೋಡಿದ್ಯಾ ಅಪ್ಪ?" ಎಂದಳು.

"ನೋಡಿಲ್ಲ."

"ಮತ್ತೆ ಯಾಕೆ ಹೇಳ್ದೆ?"

ಪ್ರಮಾಣಗಳ, ಅಂದರೆ ತಿಳಿವಳಿಕೆಯ ಆಧಾರಗಳ, ಬಗ್ಗೆ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಓದಿದ ನಾನು ಆಟೋದ ಮೀಟರು ನೋಡತೊಡಗಿದೆ. ಮನೆ ಸೇರಿದಮೇಲೆ ನನ್ನ ಪಾಲಿನ ಮಾತುಗಳೆಲ್ಲ ಅವಳ ಅಮ್ಮನ ಮೂಲಕ ಬರತೊಡಗಿದವು. "ಅಪ್ಪಂಗೆ ಹೇಳು, ಬಸ್ ಪಾಸ್ ರಿನ್ಯೂ ಮಾಡ್ಸ್ಬೇಕು ಅಂತ" ಎಂಬ ವಾಕ್ಯ, ಅಪ್ಪನಾದ ನಾನು ಎದುರಿಗೇ ಕೂತಿದ್ದಾಗ, ಅಡುಗೆಮನೆಗೆ ಹೋಗಿ ಸುತ್ತಿ ಬರುತ್ತಿತ್ತು. ಅವಳು ಸೀಬೆಹಣ್ಣು ಬಿಟ್ಟಳು, ಚಕ್ಕುಲಿ ಬಿಟ್ಟಳು, ಚಪಾತಿಯನ್ನೂ ಹಾಲಲ್ಲಿ ನೆನೆಸಿ ತಿಂದಳು. ಬಾಯಿಗೆ ಕೈ ಅಡ್ಡ ಹಿಡಿಯುವ ಹಳೆಯ ಅಭ್ಯಾಸ ಮೆಲ್ಲಗೆ ಹಿಂತಿರುಗಿತು. ಇಷ್ಟು ವ್ರತ ಮಾಡಿದಮೇಲೆ ಆ ಶನಿವಾರ ಮೊಸರನ್ನದಲ್ಲಿ ಮೂರನೆಯ ಬ್ರಾಕೆಟ್ ಸಿಕ್ಕಿತು. ಮೊಸರನ್ನದಲ್ಲಿ! ನನಗೆ ಬಂದ ಸಿಟ್ಟು ಯಾರ ಮೇಲೆಂದು ಮೊದಲಿಗೆ ಗೊತ್ತಾಗಲಿಲ್ಲ. ಗುರಿಯಿಲ್ಲದ ಸಿಟ್ಟು ಬಹಳ ಆಯಾಸದ್ದು. ಸೋಮವಾರದ ಅಪಾಯಿಂಟ್‌ಮೆಂಟಿಗೆ ಮುಂಚೆ ಅದಕ್ಕೊಂದು ಗುರಿ ಹುಡುಕಲೇಬೇಕೆಂದು ಕಂಪ್ಯೂಟರಿನ ಮುಂದೆ ಕೂತೆ.

ಹಲ್ಲಿಗೆ ಬ್ರಾಕೆಟ್ ಹೇಗೆ ಅಂಟುತ್ತದೆ ಎಂಬುದರ ಮೇಲೆ ಜಗತ್ತಿನ ವಿದ್ವಾಂಸರು ಬರೆದಿರುವುದನ್ನು ಓದಿದರೆ, ಅದು ಅಂಟಿಕೊಳ್ಳುವುದೇ ಒಂದು ಪವಾಡವೆನಿಸುತ್ತದೆ. ಮೊದಲು ಹಲ್ಲಿನ ಮೇಲೆ ನೀಲಿ ಬಣ್ಣದ ಆಮ್ಲವನ್ನು ಹಚ್ಚುತ್ತಾರೆ. ಅದು ನುಣುಪಾದ ಹೊರಪದರವನ್ನು ಕೊರೆದು, ಕಣ್ಣಿಗೆ ಕಾಣದ ಸಹಸ್ರ ತೂತುಗಳನ್ನು ಮಾಡುತ್ತದೆ. ತೊಳೆದು, ಗಾಳಿ ಊದಿ ಒಣಗಿಸಿದರೆ ಆ ಜಾಗ ಸುಣ್ಣ ಬಳಿದಂತೆ ಮಂಕು ಬಿಳುಪಾಗುತ್ತದೆ. ಆ ತೂತುಗಳೊಳಗೆ ಅಂಟು ಇಳಿಯಬೇಕು; ಇಳಿದಮೇಲೆ ನೀಲಿ ಬೆಳಕು ಬಿಟ್ಟರೆ ಅಲ್ಲೇ ಗಟ್ಟಿಯಾಗಿ ಬೇರುಬಿಡುತ್ತದೆ. ಈ ಸರಣಿಯಲ್ಲಿ ಎಲ್ಲಿ ಬೇಕಾದರೂ ತಪ್ಪಬಹುದು. ಆಮ್ಲ ಕಡಿಮೆ ಹೊತ್ತು ಇದ್ದರೆ ತಪ್ಪು, ಹೆಚ್ಚು ಹೊತ್ತು ಇದ್ದರೂ ತಪ್ಪು. ಅಂಟು ಹಳೆಯದಾಗಿರಬಹುದು, ದೀಪದ ಬಲ ಕುಂದಿರಬಹುದು, ದೀಪ ಹಿಡಿದ ಕೈ ದೂರವಿದ್ದಿರಬಹುದು. ಫ್ಲೋರೈಡ್ ಹೆಚ್ಚಿದ ನೀರು ಕುಡಿದು ಬೆಳೆದವರ ಕಲೆಬಿದ್ದ ಹಲ್ಲು ಆಮ್ಲಕ್ಕೂ ಬಗ್ಗುವುದಿಲ್ಲವಂತೆ. ಕೊಳವೆಬಾವಿಯ ನೀರಿನಲ್ಲಿ ಬೆಳೆದ ನನ್ನ ತಾಯಿಯ ಹಲ್ಲಿನ ಕಂದುಗೆರೆಗಳನ್ನು ನೆನೆದು ನಾನು ತಲೆದೂಗಿದೆ. ಬಾಯಿಯ ಹಿಂಭಾಗದ ಕೆಳಗಿನ ಹಲ್ಲುಗಳಿಗೆ ಒದ್ದೆಯ ಕಾಟ ಹೆಚ್ಚು, ಮೇಲಿನ ಹಲ್ಲಿನ ಪೆಟ್ಟೂ ಹೆಚ್ಚು. ಎಲ್ಲಕ್ಕಿಂತ ಮುಖ್ಯವಾಗಿ, ಒಣಗಿಸಿದ ಹಲ್ಲಿಗೆ ಅಂಟು ತಾಗುವ ಮುಂಚೆ ಎಂಜಲು ತಾಗಿತೋ, ಕೆಲಸ ಕೆಟ್ಟಿತು. ಆ ತೂತುಗಳನ್ನೆಲ್ಲ ಎಂಜಲು ತುಂಬಿಕೊಂಡು ಕೂತುಬಿಡುತ್ತದೆ. ಅಂಟು ಮೇಲೆಯೇ ನಿಲ್ಲುತ್ತದೆ. ಹೊರಗಿನಿಂದ ನೋಡುವವರಿಗೆ ಅಂಟಿದ ಹಾಗೇ ಕಾಣುತ್ತದೆ, ಕೆಲವು ದಿನ ನಿಲ್ಲುತ್ತದೆ ಕೂಡ.

ಹೌದು, ಗಟ್ಟಿ ಪದಾರ್ಥ ಕಡಿಯುವುದೂ ಈ ಕಾರಣಗಳ ಪೈಕಿ ಇತ್ತು. ಇಲ್ಲವೆನ್ನುವುದಿಲ್ಲ. ನನ್ನ ಆಕ್ರೋಶ ಇಷ್ಟೇ: ಇಷ್ಟೊಂದು ಕಾರಣಗಳಿರುವಾಗ, ಎರಡು ಸಲವೂ, ಪರೀಕ್ಷೆಯೇ ಇಲ್ಲದೆ, ಕುರ್ಚಿಯ ಮೇಲೆ ಮಲಗಿ ಬಾಯಿ ತೆರೆದಿರುವ ಒಂದೇ ಕಾರಣವನ್ನು ಹಿಡಿದು ವಿಚಾರಿಸಿದ್ದು ಯಾವ ನ್ಯಾಯ? ದೀಪವನ್ನು ಯಾರಾದರೂ "ನಿಜ ಹೇಳು, ನಾನು ಬಯ್ಯಲ್ಲ" ಎಂದು ಕೇಳಿದರೇ? ಅಂಟಿನ ಟ್ಯೂಬಿನ ತಂದೆಯನ್ನು ಕರೆಸಿ ಸಾಕ್ಷಿ ಹೇಳಿಸಿದರೇ? ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆಯೆಂದು ಊಹಿಸುವುದನ್ನು ನಮ್ಮ ತರ್ಕಶಾಸ್ತ್ರಜ್ಞರು ಅನುಮಾನಕ್ಕೆ, ಅಂದರೆ ಕುರುಹಿನಿಂದ ತಿಳಿಯುವುದಕ್ಕೆ, ಮಾದರಿಯಾಗಿ ಕೊಡುತ್ತಾರೆ. ಅದು ಹೊಗೆಯೋ ಮಂಜೋ ಎಂದು ಮೊದಲು ನೋಡಿಕೊಳ್ಳಬೇಕೆಂದೂ ಅವರೇ ಎಚ್ಚರಿಸುತ್ತಾರೆ. ನಮ್ಮ ಕ್ಲಿನಿಕ್ಕಿನಲ್ಲಿ ಮಂಜು ಬಿದ್ದ ದಿನವೆಲ್ಲ ನನ್ನ ಮಗಳ ಮೇಲೆ ಬೆಂಕಿಯ ಆರೋಪ.

ಹಾಗೆ ಕುದಿಯುತ್ತಿದ್ದಾಗ ನನ್ನ ಅನುಮಾನದ ನೆನಪಿನ ನಡುವೆ ಒಂದು ಅನುಮಾನವಿಲ್ಲದ ನೆನಪು ಎದ್ದು ನಿಂತಿತು. ಹೋದ ಸಲ ಡಾಕ್ಟರು ಹಲ್ಲು ಒಣಗಿಸಿ, ಅಂಟಿನ ಕಡೆಗೆ ಕೈ ಚಾಚುತ್ತ, ನನ್ನ ಜೊತೆ ಮೆಟ್ರೋ ಕಾಮಗಾರಿಯ ಬಗ್ಗೆ ಮಾತಾಡುತ್ತಿದ್ದರು. ಅವರು ಮಾತಿನ ಮನುಷ್ಯ. ಮಾತಿನಿಂದ ರೋಗಿಯ ಭಯ ಹೋಗುತ್ತದೆಂಬ ನಂಬಿಕೆಯವರು. ಮಾತಿನ ಮಧ್ಯೆ ಅವಳ ಕಡೆ ನೋಡದೆಯೇ, "ಈಗೇನಮ್ಮ ಓದ್ತಿರೋದು?" ಎಂದು ಕೇಳಿದ್ದರು. ಅದಕ್ಕೆ ಬಂದ ಉತ್ತರ ನನಗೆ ಗಂಟೆ ಬಾರಿಸಿದಷ್ಟು ಸ್ಪಷ್ಟವಾಗಿ ನೆನಪಿತ್ತು: "ಫಸ್ಟ್ ಪಿಯುಸಿ, ಅಂಕಲ್." ಈಗ ಓದುಗರಲ್ಲಿ ನನ್ನದೊಂದು ವಿನಂತಿ. ಸುತ್ತ ಯಾರೂ ಇಲ್ಲದಿದ್ದರೆ, ದವಡೆಯನ್ನು ಅಗಲವಾಗಿ ತೆರೆದಿಟ್ಟುಕೊಂಡೇ ಈ ಮಾತನ್ನು ಹೇಳಿ ನೋಡಿ. ನಾನು ಕನ್ನಡಿಯ ಮುಂದೆ ನಿಂತು ನೋಡಿದೆ. ಹಾದುಹೋಗುತ್ತಿದ್ದ ನನ್ನ ಹೆಂಡತಿ ಒಂದು ಕ್ಷಣ ನಿಂತು, ಏನೂ ಕೇಳದೆ ಮುಂದೆ ಹೋದಳು.

ಯಶುವಿನ ಕೋಣೆಯ ಬಾಗಿಲು ತಟ್ಟಿದೆ. "ಡಾಕ್ಟ್ರು ಹಲ್ಲು ಒಣಗ್ಸಿದ್ಮೇಲೆ ನಿನ್ನ ಏನಾದ್ರೂ ಕೇಳ್ತಾರಾ?"

ಅಡುಗೆಮನೆಯ ಮೂಲಕ ಕಳಿಸುವಷ್ಟು ಚಿಕ್ಕ ಉತ್ತರ ಇದಕ್ಕೆ ಇರಲಿಲ್ಲವೇನೋ, ಅವಳು ನೇರವಾಗಿಯೇ ಹೇಳಿದಳು. "ಕೇಳ್ದೆ ಇರೋದು ಯಾವಾಗ? ಕಾಲೇಜು ಯಾವ್ದು, ಕನ್ನಡ ತಗೊಂಡಿದ್ದೀಯಾ ಸಂಸ್ಕೃತಾನಾ, ಅಜ್ಜಿ ಹೆಂಗಿದ್ದಾರೆ..."

"ನೀನು ಉತ್ತರ ಹೇಳ್ತೀಯಾ?"

"ಹತ್ತಿ ಇರುತ್ತಲ್ಲ, ಅದನ್ನ ನಾಲಿಗೇಲಿ ಪಕ್ಕಕ್ಕೆ ತಳ್ಳಿ, ಬಾಯಿ ಮುಚ್ಚಿ, ಹೇಳಿ, ಮತ್ತೆ ತೆಗೀತೀನಿ."

"ಯಾಕೆ ಹೇಳ್ತೀಯೇ?"

ಅವಳು ನನ್ನನ್ನು ಬುದ್ಧಿಮಾಂದ್ಯನನ್ನು ನೋಡುವಂತೆ ನೋಡಿದಳು. "ದೊಡ್ಡೋರು ಕೇಳಿದ್ರೆ ಹೇಳ್ಬೇಕಲ್ವಾ? ಅಜ್ಜಿ ಬಿಡ್ತಾರಾ?"

ನನ್ನ ತಾಯಿ ಕೆ.ಆರ್. ಪುರದ ಆಚೆಯ ಹಳ್ಳಿಯಿಂದ ಬಂದವರು. ಆ ಹಳ್ಳಿಯ ರಾಗಿಹೊಲಗಳು ಹೋಗಿ ಲಿಫ್ಟುಗಳು ಬಂದಿವೆ, ನೆಂಟರೆಲ್ಲ ಬಾಡಿಗೆ ಎಣಿಸುವವರಾಗಿದ್ದಾರೆ. ಆದರೆ ಅಲ್ಲಿಂದ ಅವರು ತಂದ ಒಂದು ಶಾಸನ ಮಾತ್ರ ನಮ್ಮ ಮನೆಯಲ್ಲಿ ಅಕ್ಷರಶಃ ಜಾರಿಯಲ್ಲಿದೆ. ಹಿರಿಯರು ಮಾತಾಡಿಸಿದರೆ ಬಾಯಿಬಿಟ್ಟು ಉತ್ತರ ಕೊಡಬೇಕು. "ಹ್ಞೂ" ಅನ್ನಬಾರದು, ತಲೆಯಾಡಿಸಬಾರದು. "ತಲೆ ಆಡ್ಸೋದು ದನ ಕಣೇ," ಎಂದು ಅವರು ಯಶುವಿಗೆ ಮಾತು ಬಂದ ವರ್ಷದಿಂದ ಹೇಳುತ್ತ ಬಂದಿದ್ದಾರೆ. "ಮನುಷ್ಯರಿಗೆ ಬಾಯಿ ಕೊಟ್ಟಿರೋದು ಯಾತಕ್ಕೆ?" ಮೊದಲ ದಿನ ತುಟಿಗೆ ಪ್ಲಾಸ್ಟಿಕ್ ಚೌಕಟ್ಟು ತೊಡಿಸಿದ್ದಾಗ ಶಾಸನಪಾಲನೆ ದೈಹಿಕವಾಗಿಯೇ ಅಸಾಧ್ಯವಾಗಿತ್ತು, ಆದ್ದರಿಂದ ಅಂದು ಅಂಟಿಸಿದ್ದೆಲ್ಲ ಚೆನ್ನಾಗಿಯೇ ಅಂಟಿತ್ತು. ಬಿದ್ದ ಒಂದನ್ನು ಮತ್ತೆ ಅಂಟಿಸುವಾಗ ಚೌಕಟ್ಟಿನ ಗೊಡವೆ ಯಾರಿಗೆ ಬೇಕು, ಎರಡು ಹತ್ತಿಯುಂಡೆ ಸಾಕೆಂದು ಡಾಕ್ಟರು ಬಗೆದರು. ಡಾಕ್ಟರು ಸೌಜನ್ಯದಿಂದ ಕೇಳಿದರು, ಹುಡುಗಿ ಸೌಜನ್ಯದಿಂದ ಉತ್ತರಿಸಿದಳು, ಎರಡು ಸೌಜನ್ಯಗಳ ನಡುವೆ ಹಲ್ಲು ಒದ್ದೆಯಾಯಿತು. ಆಮೇಲೆ ಕದ್ದು ತಿಂದ ಆಪಾದನೆ ಬಂದದ್ದು ಬಾಯಿ ಮುಚ್ಚಿ ಉತ್ತರಿಸಿದವಳ ಮೇಲೆ!

ವಿಷಯವನ್ನು ತಾಯಿಗೆ ವಿವರಿಸಿದೆ. ತಮ್ಮ ಶಾಸನದ ತಿದ್ದುಪಡಿಗೆ ಅವರು ಒಪ್ಪಲಾರರೆಂದುಕೊಂಡಿದ್ದೆ. ಆದರೆ ಎಂಜಲು ಎಂಬ ಮಾತು ಬಿದ್ದೊಡನೆ ಅವರ ಮುಖ ಗಂಭೀರವಾಯಿತು. "ಎಂಜಲಾದ್ಮೇಲೆ ಇನ್ನೇನು ಅಂಟುತ್ತೆ!" ಎಂದು, ಸ್ವಲ್ಪ ಯೋಚಿಸಿ, "ಅಂಥಾ ಕೆಲ್ಸ ಮಾಡೋವಾಗ ಮಾತಾಡ್ಸೋದು ಆ ಡಾಕ್ಟ್ರದೇ ತಪ್ಪು. ಅವ್ರ ತಾಯಿ ಅವ್ರಿಗೇನೂ ಹೇಳ್ಕೊಟ್ಟಿಲ್ಲ," ಎಂದು ತೀರ್ಪಿತ್ತರು. ಶಾಸನ ಉಳಿಯಿತು, ಆರೋಪಿ ಬದಲಾದರು.

ಇಷ್ಟಾದರೂ ಸೋಮವಾರ ಏನು ಹೇಳುವುದೆಂಬುದು ಸುಲಭವಾಗಿರಲಿಲ್ಲ. ಎಂಜಲಿನ ವಾದ ನನ್ನ ಊಹೆಯಷ್ಟೇ. ಡಾಕ್ಟರು ನಕ್ಕುಬಿಡಬಹುದು, ನಕ್ಕು ಕಟ್ಟಪ್ಪಣೆಯಂತೆ ಎಲ್ಲವನ್ನೂ ಕಿತ್ತುಹಾಕಬಹುದು. ಅರ್ಧ ದಾರಿ ಸರಿದು ಬಂದಿದ್ದ ಹಲ್ಲುಗಳು ಮತ್ತೆ ತಮ್ಮ ತಮ್ಮ ಸ್ವಾತಂತ್ರ್ಯಕ್ಕೆ ಮರಳಬಹುದು. ಆ ಕರ್ ಎಂಬ ಸದ್ದು ಬೇರೆ ತಲೆಯಿಂದ ಹೋಗಲೊಲ್ಲದು. ಆಗ, ಎಂದೋ ಪರೀಕ್ಷೆಗೆಂದು ಕಂಠಪಾಠ ಮಾಡಿ ಮರೆತಿದ್ದ ಒಂದು ಪಾಠ ನೆನಪಾಯಿತು. ನಮ್ಮ ನೈಯಾಯಿಕರು, ಅಂದರೆ ನ್ಯಾಯದರ್ಶನದ ತರ್ಕಪಂಡಿತರು, ಜ್ಞಾನಕ್ಕೆ ಪ್ರಮಾಣಗಳನ್ನು ಹೇಳುವಾಗ ಕಣ್ಣಾರೆ ಕಂಡದ್ದನ್ನು ಸೇರಿಸುತ್ತಾರೆ, ಊಹಿಸಿ ತಿಳಿದದ್ದನ್ನು ಸೇರಿಸುತ್ತಾರೆ, ನೆನಪನ್ನು ಸೇರಿಸುವುದಿಲ್ಲ. ನೆನಪು ಹಳೆಯದರ ನೆರಳು, ಅದು ಹೊಸದಾಗಿ ಏನನ್ನೂ ತಿಳಿಸದು ಎಂದು ಬದಿಗಿಡುತ್ತಾರೆ. ಆದರೆ ನಂಬತಕ್ಕ ಮನುಷ್ಯರ ಮಾತನ್ನು ಪ್ರಮಾಣವೆಂದು ಒಪ್ಪುತ್ತಾರೆ. ಇದನ್ನು ಓದಿ ನಾನು ಅಂಕ ತೆಗೆದುಕೊಂಡಿದ್ದೇನೆ. ತೆಗೆದುಕೊಂಡು, ಮುಖವೂ ತಾರೀಖೂ ಇಲ್ಲದ ನನ್ನ ಸದ್ದನ್ನು ಸಾಕ್ಷಿಯಾಗಿ ನಿಲ್ಲಿಸಿ, ನೇರವಾಗಿ ಕಣ್ಣಿಟ್ಟು ಹೇಳಿದ ಮಗಳ ಮಾತನ್ನು ಹೊರಗೆ ಕಾಯಿಸಿದ್ದೇನೆ. ಇಂಥ ಪದವೀಧರರಿಂದ ದೇಶ ತುಂಬಿದೆ.

ಸೋಮವಾರ ಡಾಕ್ಟರು ಬಾಯಿಯೊಳಗೆ ಕನ್ನಡಿ ಇಟ್ಟವರೇ ನಿಟ್ಟುಸಿರಿಟ್ಟರು. "ಮತ್ತೆ ಅದೇ. ಸರ್, ನಾನು ಹೋದ್ಸಲಾನೇ ಹೇಳಿದ್ದೆ..."

"ಅವಳು ಏನೂ ತಿಂದಿಲ್ಲ ಡಾಕ್ಟ್ರೇ," ಎಂದೆ. ನನ್ನ ಧ್ವನಿ ಆ ಚಿಕ್ಕ ಕೋಣೆಗೆ ಅಗತ್ಯಕ್ಕಿಂತ ದೊಡ್ಡದಾಗಿತ್ತು.

"ಹೋದ್ಸಲ ಕರ್ ಅಂದ ನೆನಪು ಅಂದಿದ್ರಿ?"

"ಯಾರು ಅಂತ ಈಗಲೂ ನೆನಪಿಲ್ಲ. ಅವಳು ತಿಂದಿಲ್ಲ ಅಂತ ಹೇಳಿದ್ದಾಳೆ. ಅಷ್ಟು ಸಾಕು."

ಕುರ್ಚಿಯ ಮೇಲಿನ ಕಾಲುಗಳು ಒಮ್ಮೆ ಅಲುಗಿದವು. ಮುಖ ನನಗೆ ಕಾಣುತ್ತಿರಲಿಲ್ಲ. ನಾನು ಮುಂದುವರಿದು ಹತ್ತಿಯುಂಡೆ, ಒಣಗಿದ ಹಲ್ಲು, ಪಿಯುಸಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ, "ಅಂಟ್ಸೋವರೆಗೂ ದಯವಿಟ್ಟು ಅವಳನ್ನ ಮಾತಾಡಿಸ್ಬೇಡಿ," ಎಂದು ಮುಗಿಸಿದೆ. ಡಾಕ್ಟರ ಹುಬ್ಬು ಮೇಲಕ್ಕೆ ಹೋಯಿತು. "ಏನ್ ಸರ್ ನೀವು! ಇಷ್ಟು ವರ್ಷದಿಂದ ಮಾತಾಡಿಸ್ಕೊಂಡೇ ಮಾಡ್ತಿದ್ದೀನಿ. ಒಬ್ರೂ ಕಂಪ್ಲೇಂಟ್ ಮಾಡಿಲ್ಲ."

"ಬಾಯಿ ತೆರ್ಕೊಂಡು ಹೇಗೆ ಮಾಡ್ತಾರೆ ಡಾಕ್ಟ್ರೇ?"

ಅವರು ನಗಬೇಕೋ ಸಿಟ್ಟಾಗಬೇಕೋ ಎಂದು ಒಂದು ಕ್ಷಣ ತೂಗಿ, ಎರಡನ್ನೂ ಬಿಟ್ಟು ಕೆಲಸಕ್ಕೆ ಬಾಗಿದರು. ಆಮ್ಲ ಹಚ್ಚಿದರು, ತೊಳೆದರು, ಹತ್ತಿ ಬದಲಾಯಿಸಿ ಗಾಳಿ ಊದಿದರು. ಕೋಣೆಯಲ್ಲಿ ಎಂದೂ ಇಲ್ಲದ ಮೌನ. ಒಬ್ಬ ಮನುಷ್ಯ ಇನ್ನೊಬ್ಬನನ್ನು ಮಾತಾಡಿಸದೆ ಇರುವುದು ನಮ್ಮ ಜನಕ್ಕೆ ಎಷ್ಟು ಕಷ್ಟವೆಂಬುದು ನನಗೆ ಅಂದೇ ಗೊತ್ತಾದದ್ದು. ನನ್ನ ನಾಲಿಗೆಯೇ ಮೆಟ್ರೋ ಮೆಟ್ರೋ ಎಂದು ತುರಿಸುತ್ತಿತ್ತು. ಡಾಕ್ಟರು ಅಂಟಿನ ಕಡೆಗೆ ಕೈ ಚಾಚಿದರು, ಚಾಚುತ್ತಲೇ ಅವರ ಹಳೆಯ ಅಭ್ಯಾಸ ಅವರನ್ನು ಮೀರಿತು.

"ಎಕ್ಸಾಮ್ ಯಾವಾಗಮ್ಮ?"

ನಾನು ಸ್ಟೂಲಿನಿಂದ ಅರ್ಧ ಎದ್ದೆ. ಹುಟ್ಟಿದಾರಭ್ಯ ಹಿರಿಯರ ಒಂದು ಪ್ರಶ್ನೆಯನ್ನೂ ಬಾಕಿ ಉಳಿಸದ ಹುಡುಗಿ, ಬಾಯ್ತೆರೆದುಕೊಂಡೇ, ಎದೆಯ ಮೇಲಿದ್ದ ಕೈಯಿಂದ ಒಂದು ಬೆರಳನ್ನು ಮೇಲೆತ್ತಿ ತೋರಿಸಿದಳು: ತಡೀರಿ. ಡಾಕ್ಟರು ಆ ಬೆರಳನ್ನು ನೋಡಿದರು. ಆಮೇಲೆ, ನನ್ನ ಕಡೆ ತಿರುಗದೆ, ಬಾಗಿ, ಹಲ್ಲನ್ನು ನೋಡಿದರು. ಇನ್ನೊಂದು ಹತ್ತಿಯುಂಡೆ ಇಟ್ಟರು, ಮತ್ತೊಮ್ಮೆ ಗಾಳಿ ಊದಿದರು, ಸದ್ದಿಲ್ಲದೆ ಅಂಟಿಸಿದರು, ನೀಲಿ ಬೆಳಕನ್ನು ಹತ್ತಿರ ಹಿಡಿದರು. ಎಲ್ಲ ಮುಗಿದಮೇಲೆ ಕೈಗವಸು ಕಳಚುತ್ತ ಗೋಡೆಗೆ ಹೇಳಿದರು: "ಈ ಕೆಳಗಿನ ಹಲ್ಲು ಯಾವಾಗ್ಲೂ ಸ್ವಲ್ಪ ತೊಂದ್ರೆ ಕೊಡೋ ಹಲ್ಲು." ಅಂತೂ ಅಪರಾಧ ಹುಡುಗಿಯಿಂದ ಹಲ್ಲಿಗೆ ವರ್ಗವಾಯಿತು. ಹುಡುಗಿಯ ಕ್ಷಮೆ ಕೇಳುವವರು ಯಾರೂ ಇರಲಿಲ್ಲ. ಆ ಸಿಟ್ಟು ನನಗೆ ಇನ್ನೂ ಇದೆ; ಇರಲಿ ಎಂದೇ ಇಟ್ಟುಕೊಂಡಿದ್ದೇನೆ.

ಹಲಸೂರು ಕೆರೆಯ ಸಿಗ್ನಲ್ಲಿನಲ್ಲಿ ಆಟೋ ನಿಂತಿತು. ನಾನು ಇನ್ನೂ ಕುದಿಯುತ್ತಲೇ ಇದ್ದೆ. "ಒಂದು ಮಗು ಪ್ರಾಮಿಸ್ ಅಂತ ಹೇಳುತ್ತೆ, ಕೇಳೋರಿಲ್ಲ. ಇವರಿಗೆ ಮೊದಲಿಂದ್ಲೂ..."

"ಅಪ್ಪ," ಎಂದಳು ಯಶು, ನನ್ನ ಕಡೆಗೇ ತಿರುಗಿ. "ಮೊದಲ್ನೇ ಸಲದ್ದು ಕಲ್‌ಕಲ್."

"ಏನು?"

"ಕ್ರಿಸ್‌ಮಸ್ಸಲ್ಲಿ. ಲೀನಾ ಆಂಟಿ ಡಬ್ಬ. ಒಂದು... ಎರಡು ತಿಂದೆ. ಕರ್ ಅಂತು. ಅದಕ್ಕೇ ಅವತ್ತು ಅಂಕಲ್ ಕೇಳಿದಾಗ ಸುಮ್ನಿದ್ದೆ. ಆಮೇಲೆ ಎರಡು ಸಲಾನೂ ನಿಜವಾಗ್ಲೂ ಏನೂ ತಿಂದಿರ್ಲಿಲ್ಲ. ಆದ್ರೆ ನೀನು ಕರ್ ಅಂದಾಗ ನಂಗೆ ಜೋರಾಗಿ ಜಗಳ ಆಡೋಕಾಗ್ಲಿಲ್ಲ."

ಆಟೋ ಹೊರಟಿತು. ನಾನು ಸಿಟ್ಟಾಗುತ್ತೇನೆಂದು ಅವಳು ಕಾದಳು. ನನಗೆ ಆದದ್ದು ಅಂತರಂಗದ ಒಂದು ಹಬ್ಬ. ಆ ಸದ್ದು ಇತ್ತು! ನಾನು ಕಟ್ಟಿದ್ದಲ್ಲ, ಯಾರೋ ಹೇಳಿದ್ದಲ್ಲ, ನನ್ನ ಕಿವಿಯೇ ಕೇಳಿದ್ದು. ತಾರೀಖು ಮಾತ್ರ ಕಳಚಿಬಿದ್ದಿತ್ತು. ಒಂದು ಸಲದ ಸತ್ಯವನ್ನು ಒಯ್ದು ನಾನು ಇನ್ನೊಂದು ಸಲದ ಮೇಲೆ ಅಂಟಿಸಿದ್ದೆ. ಇಲ್ಲಿಂದ ಅಂಟು, ಹಲ್ಲು, ನಂಬಿಕೆ ಎಂದು ಒಂದು ಸೊಗಸಾದ ಉಪಮೆಯನ್ನು ಎಳೆಯಬಹುದು. ಆಸೆಯಾಗುತ್ತಿದೆ, ಆದರೂ ಎಳೆಯುವುದಿಲ್ಲ. ಆ ಸಂಜೆ ನಾನು ಮಾಡಿದ್ದು ಇಷ್ಟೇ: "ಎರಡೇನಾ?" ಎಂದು ಕೇಳಿದೆ. ಅವಳು ನಕ್ಕಳು. ಬಾಯಿಗೆ ಕೈ ಅಡ್ಡ ಬರಲಿಲ್ಲ.

ಇದಾಗಿ ಬಹಳ ತಿಂಗಳಾಗಿವೆ. ಆ ಬ್ರಾಕೆಟ್ ಇನ್ನೂ ಬಿದ್ದಿಲ್ಲ. ಮೊನ್ನೆ ಭಾನುವಾರ ಮಧ್ಯಾಹ್ನ ನಾವೆಲ್ಲ ಊಟಕ್ಕೆ ಕೂತಿದ್ದೆವು. ಕೊನೆಗೆ ಮೊಸರನ್ನ. ತುತ್ತಿನ ನಡುವೆ ಸಣ್ಣದೊಂದು ಸದ್ದಾಯಿತು. ನನ್ನ ಕಣ್ಣು, ನಾಚಿಕೆಯಿಲ್ಲದೆ, ಮೊದಲು ಹೋದದ್ದು ಯಶುವಿನ ಕಡೆಗೆ. ಅವಳು ನೆಮ್ಮದಿಯಾಗಿ ಉಣ್ಣುತ್ತಿದ್ದಳು, ಎಲ್ಲ ಗುಬ್ಬಿಗಳೂ ಸ್ವಸ್ಥಾನದಲ್ಲಿ. ಆಮೇಲೆ ನನ್ನ ನಾಲಿಗೆಗೆ ಏನೋ ಗಟ್ಟಿಯಾದದ್ದು ತಾಗಿತು. ತೆಗೆದು ತಟ್ಟೆಯ ಅಂಚಿನ ಮೇಲಿಟ್ಟೆ. ಕಲ್ಲಲ್ಲ; ಎಂದೋ ದವಡೆಯ ಹಲ್ಲಿಗೆ ತುಂಬಿಸಿದ್ದ ಸಿಮೆಂಟಿನ ಚೂರು.

ಯಶು ತುತ್ತು ನುಂಗಿ, ಚೂರನ್ನು ಎರಡು ಬೆರಳಿನಲ್ಲಿ ಎತ್ತಿ, ಬೆಳಕಿಗೆ ಹಿಡಿದು, ತಲೆಯನ್ನು ಒಂದು ಪಕ್ಕಕ್ಕೆ ಓರೆಮಾಡಿದಳು.

"ಏನೋ ಗಟ್ಟಿ ತಿಂದಿದ್ದೀರ ಅನ್ಸುತ್ತೆ," ಎಂದಳು. "ನಿಜ ಹೇಳಿ ಸರ್, ನಾನು ಬಯ್ಯಲ್ಲ."

"ಬರೀ ಮೊಸರನ್ನ ಕಣೇ," ಎಂದೆ.

ಅವಳು ನನ್ನನ್ನು ಒಂದು ಕ್ಷಣ ನೋಡಿ, ಚೂರನ್ನು ತಟ್ಟೆಯ ಅಂಚಿಗೆ ವಾಪಸು ಇಟ್ಟು, ತನ್ನ ಊಟಕ್ಕೆ ಮರಳುತ್ತ, "ಸರಿ, ನಂಬ್ದೆ," ಎಂದಳು.